ಬೆನ್ನುಹುರಿಗೆ ತಂಪು: ಪುರಾವೆ ಎಷ್ಟು ಗಟ್ಟಿ?

ಕಾಲು ಉಳುಕಿದರೆ ನೀವೇನು ಮಾಡುತ್ತೀರಿ? ಬಟ್ಟೆಯಲ್ಲಿ ಐಸ್ ಸುತ್ತಿ ನೋವಿರುವ ಜಾಗಕ್ಕೆ ಒತ್ತಿ ಹಿಡಿಯುತ್ತೀರಿ. ಸ್ವಲ್ಪ ಹೊತ್ತಿಗೆ ನೋವು ತಗ್ಗುತ್ತದೆ. ಹಾಗಿದ್ದರೆ ಮರದಿಂದ ಬಿದ್ದೋ ಬೈಕ್ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದಾಗ ಅದನ್ನೂ ತಂಪುಗೊಳಿಸಬಹುದಲ್ಲವೆ? ಊತ ಇಳಿದು, ಸತ್ತಂತಾದ ಕೈಕಾಲುಗಳಿಗೆ ಮತ್ತೆ ಚಲನೆ ಬರಬಾರದೇಕೆ?

ಈ ಪ್ರಶ್ನೆ ಬಾಲಿಶವಾದುದಲ್ಲ. ನರಶಸ್ತ್ರಚಿಕಿತ್ಸಕರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಇದನ್ನು ಕೇಳುತ್ತ ಬಂದಿದ್ದಾರೆ. ಪ್ರಾಣಿಗಳ ಮೇಲೆ ಪ್ರಯೋಗಗಳಾಗಿವೆ, ಮನುಷ್ಯರಿಗೂ ಚಿಕಿತ್ಸೆ ನೀಡಿದ್ದಾರೆ, ಆಶಾದಾಯಕ ವರದಿಗಳು ಅಚ್ಚಾಗಿವೆ. ಆದರೂ ಖಚಿತ ಉತ್ತರ ಮಾತ್ರ ಸಿಕ್ಕಿಲ್ಲ. ಇದಕ್ಕೆ ಕಾರಣ ನಿಸರ್ಗದ ಗುಟ್ಟಲ್ಲ, ಪ್ರಯೋಗಗಳನ್ನು ರೂಪಿಸಿದ ರೀತಿ ಎಂಬುದು ಈ ಲೇಖನದ ವಾದ. ಪುರಾವೆಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಪೆಟ್ಟು, ಎರಡನೆಯ ಪೆಟ್ಟು

ಮಿದುಳುಬಳ್ಳಿ ಎಂದೂ ಕರೆಯಲಾಗುವ ಬೆನ್ನುಹುರಿ ಒಂದು ಕಿರುಬೆರಳಿನಷ್ಟು ದಪ್ಪ. ಅದು ಬೆನ್ನುಮೂಳೆಯ ಮಣಿಗಳ ನಡುವಿನ ನಾಳದಲ್ಲಿ, ಡ್ಯೂರಾ ಎಂಬ ಗಟ್ಟಿ ಪೊರೆಯೊಳಗೆ ಇಳಿಯುತ್ತದೆ. ಅಪಘಾತದಲ್ಲಿ ಮುರಿದ ಅಥವಾ ಜಾರಿದ ಮಣಿ ಅದನ್ನು ಜಜ್ಜಿದಾಗ ಆಗುವುದು ಮೊದಲ ಪೆಟ್ಟು. ಅದು ಕ್ಷಣಮಾತ್ರದಲ್ಲಿ ಮುಗಿದುಹೋಗುತ್ತದೆ. ಅದರಿಂದ ಸತ್ತ ನರಕೋಶಗಳನ್ನು ತಂಪು ಬದುಕಿಸಲಾರದು.

ಆದರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಸಣ್ಣ ರಕ್ತನಾಳಗಳು ಒಡೆದು ರಕ್ತಪೂರೈಕೆ ತಗ್ಗುತ್ತದೆ. ಸಾಯುತ್ತಿರುವ ಕೋಶಗಳಿಂದ ಗ್ಲುಟಮೇಟ್ ಸೋರಿ ಪಕ್ಕದ ಕೋಶಗಳನ್ನು ಅತಿಯಾಗಿ ಕೆರಳಿಸುತ್ತದೆ. ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಊತ ಹೆಚ್ಚುತ್ತದೆ, ಆದರೆ ಸುತ್ತ ಮೂಳೆಯಿರುವುದರಿಂದ ಊದಿಕೊಳ್ಳಲು ಜಾಗವಿಲ್ಲ. ಹೀಗಾಗಿ ಒತ್ತಡ ಏರಿ ರಕ್ತಪೂರೈಕೆ ಇನ್ನಷ್ಟು ಕುಗ್ಗುತ್ತದೆ. ಗಂಟೆಗಳಿಂದ ದಿನಗಳವರೆಗೆ ನಡೆಯುವ ಈ ಸರಪಳಿಯೇ ಎರಡನೆಯ ಪೆಟ್ಟು. ಪೆಟ್ಟಾದ ಹುರಿಯಲ್ಲಿ ಏನೋ ಹಾನಿಕರ ವಸ್ತು ಉತ್ಪತ್ತಿಯಾಗುತ್ತದೆ ಎಂಬ ಗುಮಾನಿ ಹಳೆಯದು. 1911ರಲ್ಲಿ ಅಮೆರಿಕದ ಆಲ್‌ಫ್ರೆಡ್ ರೆಜಿನಾಲ್ಡ್ ಆಲೆನ್ ನಾಯಿಗಳ ಬೆನ್ನುಹುರಿಯ ಮೇಲೆ ನಿಗದಿತ ತೂಕವನ್ನು ನಿಗದಿತ ಎತ್ತರದಿಂದ ಬೀಳಿಸುವ ವಿಧಾನವನ್ನು ರೂಪಿಸಿ, ಈ ದಿಕ್ಕಿನಲ್ಲಿ ಯೋಚಿಸಿದ್ದರು.

ತಂಪಿಗೆ ಕೆಲಸವಿರುವುದು ಈ ಎರಡನೆಯ ಹಂತದಲ್ಲಿ. ತಾಪ ಒಂದು ಡಿಗ್ರಿ ಇಳಿದರೆ ಮಿದುಳಿನ ಆಮ್ಲಜನಕದ ಬೇಡಿಕೆ ಸುಮಾರು 6–7% ಇಳಿಯುತ್ತದೆ. ಗ್ಲುಟಮೇಟ್ ಸೋರಿಕೆಯೂ ಊತವೂ ತಗ್ಗುತ್ತವೆ. ಬರಗಾಲದಲ್ಲಿ ಊಟ ಕಡಿಮೆ ಮಾಡಿ ಜೀವ ಹಿಡಿದುಕೊಂಡಂತೆ, ಕೋಶ ತನ್ನ ಅಗತ್ಯವನ್ನೇ ಕುಗ್ಗಿಸಿಕೊಂಡು ಕಷ್ಟದ ಕಾಲವನ್ನು ದಾಟುತ್ತದೆ. ತರ್ಕವೇನೋ ಚೆನ್ನಾಗಿದೆ. ಆದರೆ ವೈದ್ಯಕೀಯದಲ್ಲಿ ತರ್ಕ ಎಷ್ಟೇ ಚೆನ್ನಾಗಿದ್ದರೂ ಅದು ಪುರಾವೆಯಲ್ಲ.

ಇಡೀ ದೇಹವನ್ನು ತಂಪುಗೊಳಿಸದೆ ಬೆನ್ನುಹುರಿಯನ್ನಷ್ಟೇ ಏಕೆ ತಂಪುಗೊಳಿಸಬೇಕು? ದೇಹದ ತಾಪ 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೃದಯದ ಲಯ ತಪ್ಪುವ ಅಪಾಯ ಹೆಚ್ಚು. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಪೆಟ್ಟಾದ ಜಾಗವನ್ನಷ್ಟೇ ತಂಪುಗೊಳಿಸಿದರೆ ಹೃದಯವನ್ನು ಬೆಚ್ಚಗಿಟ್ಟುಕೊಂಡೇ ಅಲ್ಲಿನ ತಾಪವನ್ನು ಬಹಳ ಕೆಳಗೆ ಇಳಿಸಬಹುದು. ಸ್ಥಳೀಯ ತಂಪು ಚಿಕಿತ್ಸೆಯ ಆಕರ್ಷಣೆ ಇದೇ.

ಕ್ಲೀವ್‌ಲ್ಯಾಂಡಿನ ಕೋತಿಗಳು

ಈ ವಿಚಾರಕ್ಕೆ ಬಲ ತಂದವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಅರಿವಳಿಕೆ ತಜ್ಞ ಮಾರಿಸ್ ಆಲ್ಬಿನ್ ಮತ್ತು ನರಶಸ್ತ್ರಚಿಕಿತ್ಸಕ ರಾಬರ್ಟ್ ವೈಟ್. ಕೋತಿಯ ತಲೆಯನ್ನು ಮತ್ತೊಂದು ಕೋತಿಯ ದೇಹಕ್ಕೆ ಕಸಿ ಮಾಡಿ 1970ರಲ್ಲಿ ವಿವಾದಕ್ಕೊಳಗಾದ ವೈಟ್ ಇವರೇ. 1960ರ ದಶಕದಲ್ಲಿ ಇವರ ತಂಡ ಆಲೆನ್ ಮಾದರಿಯಲ್ಲಿ ಪ್ರಾಣಿಗಳ ಬೆನ್ನುಹುರಿಗೆ ಪೆಟ್ಟು ಕೊಟ್ಟು, ಆ ಭಾಗದ ಮೇಲೆ ತಣ್ಣನೆಯ ಲವಣ ದ್ರಾವಣ ಹರಿಸಿ ಪರಿಣಾಮವನ್ನು ನೋಡಿತು. 1968ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ರೀಸಸ್ ಕೋತಿಗಳಿಗೆ ಪೆಟ್ಟಾದ 4 ಗಂಟೆಗಳ ಬಳಿಕ ತಂಪು ನೀಡಲಾಯಿತು. ತಂಪು ಪಡೆದ ಕೋತಿಗಳು ಗಮನಾರ್ಹವಾಗಿ ಚೇತರಿಸಿಕೊಂಡವು. ಪಡೆಯದವು ಹಾಗೆ ಚೇತರಿಸಿಕೊಳ್ಳಲಿಲ್ಲ.

ಇಲ್ಲಿ '4 ಗಂಟೆ' ಎಂಬುದನ್ನು ನೀವು ಗಮನಿಸಬೇಕು. ಪ್ರಯೋಗಾಲಯದ ಕೋತಿಗೆ ಪೆಟ್ಟು ಬೀಳುವುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ. ಅದರ ಬೆನ್ನುಹುರಿ ಆಗಲೇ ತೆರೆದಿರುತ್ತದೆ, ಅರಿವಳಿಕೆ ಕೊಟ್ಟಾಗಿರುತ್ತದೆ. ಮನುಷ್ಯನಿಗೆ ಪೆಟ್ಟಾಗುವುದು ರಸ್ತೆಯಲ್ಲಿ, ತೋಟದಲ್ಲಿ, ಕಟ್ಟಡದ ಸಾರುವೆಯ ಕೆಳಗೆ. ಆತನನ್ನು ಎತ್ತಿ ಸಾಗಿಸಬೇಕು, ಉಸಿರು ಮತ್ತು ರಕ್ತದೊತ್ತಡವನ್ನು ಹಿಡಿತಕ್ಕೆ ತರಬೇಕು, ಸ್ಕ್ಯಾನ್ ಆಗಬೇಕು, ಅರಿವಳಿಕೆ ಕೊಡಬೇಕು. ಆಮೇಲೆ ಬೆನ್ನುಮೂಳೆಯ ಕಮಾನನ್ನು ತೆಗೆದು ಬೆನ್ನುಹುರಿಯನ್ನು ಮುಟ್ಟಬೇಕು. ಇಷ್ಟರಲ್ಲಿ 4 ಗಂಟೆ ಕಳೆದುಹೋಗಿರುತ್ತದೆ. ಕೋತಿಯ ಫಲಿತಾಂಶವನ್ನು ಮನುಷ್ಯನಿಗೆ ಅನ್ವಯಿಸುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಬೆಚ್ಚನೆಯ ದ್ರಾವಣದ ತೊಡಕು

ಎರಡನೆಯ ಪ್ರಶ್ನೆಯನ್ನು ಕೆನಡಾದ ಟೊರಾಂಟೊದಲ್ಲಿ ಚಾರ್ಲ್ಸ್ ಟೇಟರ್ ಮತ್ತು ಲ್ಯೂಡರ್ ಡೀಕೆ ಎತ್ತಿದರು. ತಣ್ಣನೆಯ ದ್ರಾವಣ ಹರಿಸುವಾಗ ನಡೆಯುವುದು ಒಂದು ಕೆಲಸವಲ್ಲ, ಹಲವು. ಮೂಳೆ ತೆಗೆದು ಜಾಗ ಮಾಡಲಾಗುತ್ತದೆ. ಡ್ಯೂರಾ ಪೊರೆಯನ್ನು ಬಿಡಿಸಲಾಗುತ್ತದೆ. ದ್ರಾವಣ ಆ ಭಾಗವನ್ನು ತೊಳೆಯುತ್ತದೆ. ಕೊನೆಯದಾಗಿ ತಾಪ ಇಳಿಯುತ್ತದೆ. ಇವುಗಳಲ್ಲಿ ಗುಣ ಕೊಟ್ಟದ್ದು ಯಾವುದು?

ಅವರ ಉಪಾಯ ಸರಳವಾಗಿತ್ತು. ಕೆಲವು ಕೋತಿಗಳಿಗೆ ತಣ್ಣನೆಯ ದ್ರಾವಣ, ಇನ್ನು ಕೆಲವಕ್ಕೆ ದೇಹದ ತಾಪದಷ್ಟೇ ಬೆಚ್ಚಗಿರುವ ದ್ರಾವಣ, ಮತ್ತೆ ಕೆಲವಕ್ಕೆ ಪೊರೆ ಬಿಡಿಸುವುದು ಮಾತ್ರ. 1973ರಲ್ಲಿ ಪ್ರಕಟವಾದ ಫಲಿತಾಂಶ ತಂಪಿನ ಪರ ವಾದಿಸುತ್ತಿದ್ದವರಿಗೆ ಇರುಸುಮುರುಸು ತರುವಂತಿತ್ತು. ಬೆಚ್ಚನೆಯ ದ್ರಾವಣ ಪಡೆದ ಕೋತಿಗಳೂ ಚೇತರಿಸಿಕೊಂಡಿದ್ದವು. ತಣ್ಣನೆಯದು ಬೆಚ್ಚನೆಯದಕ್ಕಿಂತ ಮೇಲು ಎಂದು ಸಾಬೀತಾಗಲಿಲ್ಲ. ಹಾನಿಕರ ವಸ್ತುಗಳನ್ನು ದ್ರಾವಣ ತೊಳೆದು ಒಯ್ದದ್ದೇ ಗುಣಕ್ಕೆ ಕಾರಣವಾಗಿರಬಹುದು ಎಂಬ ಸಾಧ್ಯತೆ ತೆರೆದುಕೊಂಡಿತು.

ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ ಪ್ರಯೋಗ ಇದೆಂದು ನನ್ನ ಅಭಿಪ್ರಾಯ. ಇದು ತಂಪು ವ್ಯರ್ಥ ಎಂದು ಸಾಧಿಸಿತು ಎಂದಲ್ಲ. ತಂಪನ್ನು ಪರೀಕ್ಷಿಸಬೇಕಾದರೆ ಪಕ್ಕದಲ್ಲಿ ಏನನ್ನು ಇಡಬೇಕು ಎಂಬುದನ್ನು ತೋರಿಸಿಕೊಟ್ಟಿತು. ತಂಪು ಪಡೆದವರನ್ನು ಏನನ್ನೂ ಪಡೆಯದವರೊಡನೆ ಹೋಲಿಸಿದರೆ ಸಾಲದು. ತಾಪವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಪಡೆದವರೊಡನೆ ಹೋಲಿಸಬೇಕು. ಮನುಷ್ಯರ ಮೇಲೆ ನಡೆದ ಸ್ಥಳೀಯ ತಂಪು ಚಿಕಿತ್ಸೆಯ ವರದಿಗಳು ಮರೆತದ್ದು ಈ ಪಾಠವನ್ನೇ.

ಮನುಷ್ಯರಲ್ಲಿ ಕಂಡದ್ದು

1970ರ ದಶಕದಲ್ಲಿ ಅಮೆರಿಕ, ಇಟಲಿ ಮೊದಲಾದೆಡೆ ಹಲವು ವೈದ್ಯರು ರೋಗಿಗಳ ಬೆನ್ನುಹುರಿಯ ಮೇಲೆ ತಣ್ಣನೆಯ ಲವಣ ದ್ರಾವಣ ಹರಿಸಿ ನೋಡಿದರು. 1973ರ ಒಂದು ಅಮೆರಿಕನ್ ವರದಿಯಲ್ಲಿ 14 ರೋಗಿಗಳು, 1976ರ ಇಟಲಿಯ ವರದಿಯಲ್ಲಿ 8 ರೋಗಿಗಳು. ಕೆಲವರು ಚೇತರಿಸಿಕೊಂಡರು, ಕೆಲವರು ಚೇತರಿಸಿಕೊಳ್ಳಲಿಲ್ಲ. ತಂಪುಗೊಳಿಸಿದ ಅವಧಿ, ತಾಪದ ಮಟ್ಟ, ಚಿಕಿತ್ಸೆ ಆರಂಭಿಸಿದ ಸಮಯ ಇವೆಲ್ಲ ಒಂದೊಂದು ಕಡೆ ಒಂದೊಂದು ರೀತಿ. ಎಲ್ಲವನ್ನೂ ಕೂಡಿಸಿದರೂ ಒಂದು ತೀರ್ಮಾನ ಹೊರಡುವಂತಿರಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಉತ್ಸಾಹವೂ ಇಳಿಯಿತು.

ಆದರೂ ಪಟ್ಟು ಬಿಡದವರು ಕೆನಡಾದ ರಾಬರ್ಟ್ ಹ್ಯಾನ್ಸ್‌ಬೌಟ್. ಅವರ ವಿಧಾನದಲ್ಲಿ ಒಂದು ಸುಧಾರಣೆಯಿತ್ತು. ದ್ರಾವಣವನ್ನು ನೇರವಾಗಿ ಹುರಿಯ ಮೇಲೆ ಸುರಿಯುವ ಬದಲು, ಡ್ಯೂರಾ ಪೊರೆಯನ್ನು ಬಿಡಿಸದೆಯೇ ಅದರ ಮೇಲೆ ಕುದುರೆಯ ಜೀನಿನಂತೆ ಕೂರುವ ಸಾಧನವನ್ನಿಟ್ಟು, ಅದರೊಳಗೆ ತಣ್ಣನೆಯ ದ್ರವವನ್ನು ಹರಿಸಿದರು. ಸುಮಾರು 6 ಡಿಗ್ರಿ ಸೆಲ್ಸಿಯಸ್, ಸುಮಾರು 4 ಗಂಟೆ. ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. 1984ರಲ್ಲಿ 10 ರೋಗಿಗಳ, 2014ರಲ್ಲಿ ಒಟ್ಟು 20 ರೋಗಿಗಳ ವರದಿ ಪ್ರಕಟವಾಯಿತು. ಪೆಟ್ಟಾದ ಮಟ್ಟದ ಕೆಳಗೆ ಚಲನೆಯೂ ಸ್ಪರ್ಶವೂ ಪೂರ್ಣವಾಗಿ ಇಲ್ಲವಾಗಿದ್ದವರೇ ಇವರೆಲ್ಲ. ಅವರಲ್ಲಿ ಹೆಚ್ಚಿನವರಿಗೆ ಒಂದಿಷ್ಟಾದರೂ ಸ್ಪರ್ಶವೋ ಚಲನೆಯೋ ಮರಳಿತು.

ಓದಿದೊಡನೆ ಮನಸ್ಸು ಉಬ್ಬುವ ಫಲಿತಾಂಶ ಇದು. ಇನ್ನು ಇದನ್ನೇ ತೂಗಿ ನೋಡೋಣ.

20 ಜನರ ಲೆಕ್ಕ

ಬೆನ್ನುಹುರಿ ಪೆಟ್ಟಿನ ತೀವ್ರತೆಯನ್ನು 'ಎ'ಯಿಂದ 'ಇ'ವರೆಗೆ ಐದು ದರ್ಜೆಗಳಲ್ಲಿ ಗುರುತಿಸುವುದು ರೂಢಿ. 'ಎ' ಎಂದರೆ ಪೂರ್ಣ ನಷ್ಟ, 'ಇ' ಎಂದರೆ ಸಹಜ ಸ್ಥಿತಿ. ಆರಂಭದಲ್ಲಿ 'ಎ' ದರ್ಜೆಯಲ್ಲಿದ್ದವರಲ್ಲಿ ಸುಮಾರು 80% ಜನ ಅಲ್ಲಿಯೇ ಉಳಿಯುತ್ತಾರೆ. ಉಳಿದ 20% ಜನ ವಿಶೇಷ ಚಿಕಿತ್ಸೆಯಿಲ್ಲದೆಯೂ 'ಬಿ' ಅಥವಾ 'ಸಿ'ಗೆ ಏರುತ್ತಾರೆ ಎಂದು 2007ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಲೆಕ್ಕ ಹಾಕಿತು. ಅಂದರೆ 20 ಜನರಲ್ಲಿ 4 ಜನ ತಮ್ಮಷ್ಟಕ್ಕೇ ಒಂದು ಮಟ್ಟಿಗೆ ಚೇತರಿಸಿಕೊಳ್ಳುವುದು ನಿರೀಕ್ಷಿತವೇ.

ಇದರ ಮೇಲೆ ಇನ್ನೂ ಒಂದು ಸೂಕ್ಷ್ಮವಿದೆ. ಪೆಟ್ಟಾದ ಮೊದಲ ಗಂಟೆಗಳಲ್ಲಿ ಬೆನ್ನುಹುರಿ ಆಘಾತದಿಂದ ಮಂಕಾಗಿರುತ್ತದೆ. ರೋಗಿಗೆ ತಲೆಗೂ ಪೆಟ್ಟಾಗಿರಬಹುದು, ನೋವಿನ ಔಷಧಿಯ ಅಮಲಿರಬಹುದು. ಆಗ ಪರೀಕ್ಷಿಸಿ 'ಪೂರ್ಣ ನಷ್ಟ' ಎಂದು ಬರೆದುಕೊಂಡವರಲ್ಲಿ ಕೆಲವರು ಮರುದಿನದ ಪರೀಕ್ಷೆಯಲ್ಲಿ ಹಾಗಿರುವುದಿಲ್ಲ. ತಂಪು ಚಿಕಿತ್ಸೆ ಬೇಗ ಆರಂಭವಾಗಬೇಕು, ಆದ್ದರಿಂದ ಪರೀಕ್ಷೆಯೂ ಬೇಗ ನಡೆಯಬೇಕು. ಬೇಗ ನಡೆದಷ್ಟೂ ತಪ್ಪಾಗುವ ಸಂಭವ ಹೆಚ್ಚು. ಆ ತಪ್ಪು ಪ್ರತಿ ಸಲವೂ ಚಿಕಿತ್ಸೆಗೆ ಒಳ್ಳೆಯ ಹೆಸರು ತರುವ ದಿಕ್ಕಿನಲ್ಲೇ ಇರುತ್ತದೆ.

ಮೂರನೆಯದಾಗಿ, ಆ 20 ಜನರಿಗೆ ಸಿಕ್ಕಿದ್ದು ತಂಪು ಮಾತ್ರವಲ್ಲ. ಬೆನ್ನುಹುರಿಯ ಮೇಲಿನ ಒತ್ತಡವನ್ನು ತೆಗೆಯುವ ಶಸ್ತ್ರಕ್ರಿಯೆಯೂ ಬೇಗನೆ ಆಯಿತು. ಅದೊಂದೇ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ 2012ರ 'ಸ್ಟಾಸಿಸ್' ಅಧ್ಯಯನ ನೋಡಿ. ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದ 313 ಜನರ ಈ ಅಧ್ಯಯನದಲ್ಲಿ, 24 ಗಂಟೆಯೊಳಗೆ ಒತ್ತಡ ತೆಗೆಸಿಕೊಂಡವರಲ್ಲಿ 19.8% ಜನ 6 ತಿಂಗಳಲ್ಲಿ ಎರಡು ದರ್ಜೆಗಳಷ್ಟಾದರೂ ಮೇಲೇರಿದರು. ತಡವಾಗಿ ಶಸ್ತ್ರಕ್ರಿಯೆಯಾದವರಲ್ಲಿ ಹಾಗೆ ಏರಿದವರು 8.8%. ಈ ಅಧ್ಯಯನವೂ ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ ಎಂಬ ಕೊರತೆಯಿದೆ. ಆದರೂ ತಂಪಿನ ಖಾತೆಗೆ ಜಮೆಯಾದ ಗುಣದಲ್ಲಿ ಒಂದು ಪಾಲು ಶಸ್ತ್ರಕ್ರಿಯೆಯ ಖಾತೆಗೆ ಸೇರಬೇಕಾದದ್ದು ಎಂಬ ಶಂಕೆಗೆ ಇಷ್ಟು ಸಾಕು. ಸ್ಟೀರಾಯ್ಡಿನ ಪಾತ್ರವನ್ನೂ ಇಲ್ಲಿ ಬೇರ್ಪಡಿಸಲಾಗದು.

ಹ್ಯಾನ್ಸ್‌ಬೌಟ್ ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಚೇತರಿಸಿಕೊಂಡವರ ಸಂಖ್ಯೆ 20%ರ ನಿರೀಕ್ಷೆಯನ್ನು ಮೀರಿದೆ. ಆದ್ದರಿಂದ ಈ ವರದಿಯನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ. ಅದು ಒಂದು ಒಳ್ಳೆಯ ಪ್ರಯೋಗಕ್ಕೆ ಆಹ್ವಾನ. ತೊಂದರೆ ಇರುವುದು ಆಹ್ವಾನವನ್ನೇ ಫಲಿತಾಂಶವೆಂದು ಓದುವಲ್ಲಿ.

ಎರಡು ತಂಪುಗಳ ಕಲಬೆರಕೆ

2007ರ ಸೆಪ್ಟೆಂಬರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕೆವಿನ್ ಎವರೆಟ್ ಮೈದಾನದಲ್ಲೇ ಕುತ್ತಿಗೆ ಮುರಿದುಕೊಂಡು ಬಿದ್ದರು. ಆಂಬುಲೆನ್ಸಿನಲ್ಲೇ ತಣ್ಣನೆಯ ಲವಣ ದ್ರಾವಣವನ್ನು ರಕ್ತನಾಳಕ್ಕೆ ಏರಿಸಲಾಯಿತು. ಅವರು ಮತ್ತೆ ನಡೆಯಲಾರರು ಎಂಬ ಮಾತಿತ್ತು. ಕೆಲವೇ ತಿಂಗಳಲ್ಲಿ ಅವರು ನಡೆದರು. 'ತಂಪಿನ ಪವಾಡ' ಲೋಕವೆಲ್ಲ ಸುದ್ದಿಯಾಯಿತು. ಅವರಿಗೂ ಕೆಲವೇ ಗಂಟೆಗಳಲ್ಲಿ ಶಸ್ತ್ರಕ್ರಿಯೆಯಾಗಿತ್ತು ಎಂಬುದು ಸುದ್ದಿಯ ಕೊನೆಯ ಸಾಲಿಗೆ ಹೋಯಿತು. ಅದೇ ವರ್ಷ ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆಗಳು ಬೆನ್ನುಹುರಿ ಪೆಟ್ಟಿಗೆ ತಂಪು ನೀಡಿರೆಂದಾಗಲಿ ಬೇಡವೆಂದಾಗಲಿ ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂಬ ನಿಲುವು ಪ್ರಕಟಿಸಬೇಕಾಯಿತು.

ಎವರೆಟ್ ಪಡೆದದ್ದು ಸ್ಥಳೀಯ ತಂಪಲ್ಲ, ಇಡೀ ದೇಹದ ತಂಪು. ಅಲ್ಲಿ ತಾಪ ಇಳಿಯುವುದು 33 ಡಿಗ್ರಿಯ ಆಸುಪಾಸಿಗೆ. ಸ್ಥಳೀಯ ವಿಧಾನದಲ್ಲಿ ಸಾಧನದ ತಾಪ 6 ಡಿಗ್ರಿ. ಎರಡೂ ಬೇರೆ ಬೇರೆ ಚಿಕಿತ್ಸೆಗಳು. ಒಂದರ ಯಶಸ್ಸನ್ನು ಇನ್ನೊಂದರ ಸಾಕ್ಷಿಯಾಗಿ ತರುವುದು ಸರಿಯಲ್ಲ. ಇಡೀ ದೇಹದ ತಂಪಿನ ಬಗ್ಗೆ ಮಯಾಮಿಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 'ಎ' ದರ್ಜೆಯ 14 ರೋಗಿಗಳನ್ನು 33 ಡಿಗ್ರಿಯಲ್ಲಿ 48 ಗಂಟೆ ಇಡಲಾಗಿತ್ತು. ಅವರಲ್ಲಿ 6 ಜನ ಮೇಲಿನ ದರ್ಜೆಗೆ ಏರಿದರು. ಹೋಲಿಕೆಗೆ ಹಳೆಯ ದಾಖಲೆಗಳಿಂದ ಆರಿಸಿದ 14 ಜನರಲ್ಲಿ ಏರಿದವರು 3. ಶೇಕಡಾವಾರು ಹೇಳಿದರೆ 'ಎರಡು ಪಟ್ಟು ಗುಣ', ತಲೆ ಎಣಿಸಿದರೆ 3 ಜನರ ಅಂತರ. ಇಂಥ ಅಂತರ ಕೇವಲ ಆಕಸ್ಮಿಕವಾಗಿಯೂ ಬರಬಹುದು.

ಪ್ರಾಣಿಗಳ ಮೇಲಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ 2013ರ ಒಂದು ವಿಶ್ಲೇಷಣೆಯೂ ಇದೇ ಪಾಠ ಹೇಳುತ್ತದೆ. ಅದರ ಪ್ರಕಾರ ಇಡೀ ದೇಹದ ತಂಪು ಚಲನೆಯ ಚೇತರಿಕೆಯನ್ನು ಸರಾಸರಿ 24.5%, ಸ್ಥಳೀಯ ತಂಪು 26.2% ಹೆಚ್ಚಿಸಿತು. ಸರಾಸರಿ ನೋಡಿದರೆ ಸ್ಥಳೀಯವೇ ಒಂದು ಕೈ ಮೇಲು. ಆದರೆ ಸ್ಥಳೀಯ ತಂಪಿನ ಅಂದಾಜು ಸೊನ್ನೆಗಿಂತ ಕೆಳಗಿನಿಂದ 56%ವರೆಗೂ ಹರಡಿಕೊಂಡಿತ್ತು. ಅಂದರೆ ಬಹಳ ಲಾಭವೂ ಇರಬಹುದು, ಏನೂ ಇಲ್ಲದೆಯೂ ಇರಬಹುದು.

ಬೇರೆ ಕಡೆಯ ಅನುಭವ

ಪೆಟ್ಟು ಬೀಳುವ ಮೊದಲೇ ತಂಪು ನೀಡಲು ಸಾಧ್ಯವಾದರೆ? ಅಂಥ ಸಂದರ್ಭವೂ ಇದೆ. ಎದೆ ಮತ್ತು ಹೊಟ್ಟೆಯ ಮಹಾಪಧಮನಿಯ ಉಬ್ಬನ್ನು ಸರಿಪಡಿಸುವ ಶಸ್ತ್ರಕ್ರಿಯೆಯಲ್ಲಿ ಬೆನ್ನುಹುರಿಗೆ ರಕ್ತ ಕಡಿತವಾಗಿ ಕಾಲುಗಳು ಸ್ವಾಧೀನ ತಪ್ಪುವ ಅಪಾಯವಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕೇಂಬ್ರಿಯಾ ಮತ್ತು ಸಂಗಡಿಗರು 1993ರಿಂದ ಡ್ಯೂರಾದ ಹೊರಗೆ 4 ಡಿಗ್ರಿಯ ಲವಣ ದ್ರಾವಣ ಹರಿಸಿ, ಹುರಿಯ ಸುತ್ತಲಿನ ತಾಪವನ್ನು ಸುಮಾರು 26 ಡಿಗ್ರಿಗೆ ಇಳಿಸಿ, ಈ ತೊಡಕು ತಗ್ಗಿತೆಂದು ವರದಿ ಮಾಡಿದರು. ಇಲ್ಲಿ ಹಾನಿಯ ಗಳಿಗೆ ಮೊದಲೇ ಗೊತ್ತು. ತಂಪು ಕಾದು ನಿಂತಿರುತ್ತದೆ. ಇದು ಮುನ್ನೆಚ್ಚರಿಕೆ. ಅಪಘಾತದ ನಂತರದ ತಂಪು ಹಾಗಲ್ಲ.

ಇನ್ನೊಂದು ಅನುಭವ ಹೃದಯ ನಿಂತು ಬದುಕಿದವರದು. 2002ರ ಎರಡು ಪ್ರಯೋಗಗಳ ಬಳಿಕ ಅವರ ದೇಹವನ್ನು 33 ಡಿಗ್ರಿಗೆ ಇಳಿಸುವುದು ಜಗತ್ತಿನ ಹಲವೆಡೆ ರೂಢಿಗೆ ಬಂತು. 2013ರಲ್ಲಿ 33 ಮತ್ತು 36 ಡಿಗ್ರಿಗಳನ್ನು ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಸುಮಾರು 1,900 ಜನರ ಮೇಲೆ 33 ಡಿಗ್ರಿಯ ತಂಪನ್ನು, ಜ್ವರ ಬಾರದಂತೆ ನೋಡಿಕೊಳ್ಳುವುದರೊಡನೆ ಹೋಲಿಸಿದಾಗಲೂ ಲಾಭ ಕಾಣಲಿಲ್ಲ. ಮೊದಲು ಕಂಡ ಗುಣದಲ್ಲಿ ಜ್ವರ ತಡೆದದ್ದರ ಪಾಲೇ ದೊಡ್ಡದಿದ್ದಿರಬಹುದು. ಟೊರಾಂಟೊದ ಬೆಚ್ಚನೆಯ ದ್ರಾವಣ ಇಲ್ಲಿ ನಿಮಗೆ ನೆನಪಾಗಬೇಕು.

ನಮ್ಮ ದೇಶಕ್ಕೆ ಹತ್ತಿರದ ಉದಾಹರಣೆಯೂ ಇದೆ. ಹುಟ್ಟುವಾಗ ಉಸಿರುಕಟ್ಟಿ ಮಿದುಳಿಗೆ ಹಾನಿಯಾದ ಶಿಶುಗಳಿಗೆ ತಂಪು ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಒಳ್ಳೆಯ ಫಲ ಕೊಟ್ಟಿದೆ. ಅದನ್ನೇ ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳ 408 ಶಿಶುಗಳಲ್ಲಿ ಪರೀಕ್ಷಿಸಿದ 'ಹೀಲಿಕ್ಸ್' ಪ್ರಯೋಗದಲ್ಲಿ, 2021ರ ವರದಿಯಂತೆ, ತಂಪು ಪಡೆದ ಶಿಶುಗಳಲ್ಲೇ ಸಾವು ಹೆಚ್ಚು: 42%, ಪಡೆಯದವುಗಳಲ್ಲಿ 31%. ತಂಪು ನಿರಪಾಯಕಾರಿ, ಮಾಡಿ ನೋಡಿದರೆ ನಷ್ಟವೇನು ಎನ್ನುವವರಿಗೆ ಇದೇ ಉತ್ತರ.

ಎಂಥ ಪ್ರಯೋಗ ಬೇಕು?

ಬೆನ್ನುಹುರಿಯ ಪ್ರಶ್ನೆಗೆ ಉತ್ತರ ತರಬಲ್ಲ ಪ್ರಯೋಗವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಎಲ್ಲ ರೋಗಿಗಳಿಗೂ ಬೇಗನೆ ಒತ್ತಡ ತೆಗೆಯುವ ಶಸ್ತ್ರಕ್ರಿಯೆಯಾಗಲಿ. ಎಲ್ಲರ ಡ್ಯೂರಾ ಮೇಲೂ ಅದೇ ಸಾಧನವನ್ನು ಅಷ್ಟೇ ಹೊತ್ತು ಇಡಲಿ. ಯಾರಿಗೆ 6 ಡಿಗ್ರಿಯ ದ್ರವ, ಯಾರಿಗೆ 37 ಡಿಗ್ರಿಯದು ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಿ. ಆರು ತಿಂಗಳು, ಒಂದು ವರ್ಷದ ಬಳಿಕ ಪರೀಕ್ಷಿಸುವ ವೈದ್ಯರಿಗೆ ರೋಗಿ ಯಾವ ಗುಂಪಿನವನೆಂದು ತಿಳಿಯದಿರಲಿ. ಚೇತರಿಕೆ 20%ನಿಂದ 40%ಗೆ ಏರುತ್ತದೆಯೆ ಎಂದು ಸಂಖ್ಯಾಶಾಸ್ತ್ರದ ಸಾಮಾನ್ಯ ಕಟ್ಟುನಿಟ್ಟಿನಲ್ಲಿ ನೋಡಲು ಒಂದೊಂದು ಗುಂಪಿಗೆ ಸುಮಾರು 80 ಜನ ಬೇಕು, ಒಟ್ಟು 160. ಒಂದೇ ಆಸ್ಪತ್ರೆಗೆ ಇದು ಭಾರ. ಹತ್ತಾರು ಆಸ್ಪತ್ರೆಗಳು ಕೈಜೋಡಿಸಿದರೆ ಅಸಾಧ್ಯವಲ್ಲ. 37 ಡಿಗ್ರಿಯ ಸಾಧನವನ್ನು ಅನಗತ್ಯವಾಗಿ ಇಡುವುದು ನೈತಿಕವೇ ಎಂಬ ಆಕ್ಷೇಪ ಬರಬಹುದು, ಅದು ಚರ್ಚಿಸತಕ್ಕದ್ದೇ. ಆದರೆ ಪರೀಕ್ಷಿಸದ ಚಿಕಿತ್ಸೆಯನ್ನು ದಶಕಗಟ್ಟಲೆ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಕೊಡುತ್ತ ಏನನ್ನೂ ಕಲಿಯದಿರುವುದು ಹೆಚ್ಚು ನೈತಿಕವೇನಲ್ಲ.

ಕೊನೆಯದಾಗಿ ಓದುಗರಿಗೆ ಒಂದು ಮಾತು. ಈ ಲೇಖನ ಓದುವವರಲ್ಲಿ ಕೆಲವರ ಮನೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಇರಬಹುದು. 'ಆಗಲೇ ತಂಪು ಮಾಡಿಸಿದ್ದರೆ' ಎಂದು ಯಾರೂ ಕೊರಗಬೇಕಾಗಿಲ್ಲ. ಹಾಗೆ ಕೊರಗಲು ಬೇಕಾದ ಪುರಾವೆ ಇಲ್ಲ. ವರ್ಷಗಳ ಹಿಂದಿನ ಪೆಟ್ಟನ್ನು ತಂಪಿನಿಂದ ಗುಣಪಡಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ತಂಪಿನ ವಾದವೆಲ್ಲ ಮೊದಲ ಕೆಲವು ಗಂಟೆಗಳದು.

ಅಪಘಾತದ ಸ್ಥಳದಲ್ಲಿ ನೀವಿದ್ದರೆ ಗಾಯಾಳುವಿನ ಕುತ್ತಿಗೆಗೋ ಬೆನ್ನಿಗೋ ಐಸ್ ಇಡುತ್ತ ಕೂರಬೇಡಿ. ಸ್ನಾಯು ಮತ್ತು ಮೂಳೆಗಳ ಆಳದಲ್ಲಿರುವ ಹುರಿಯನ್ನು ಅದು ತಲುಪುವುದಿಲ್ಲ. 108ಕ್ಕೆ ಕರೆ ಮಾಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ನೋಡಿಕೊಳ್ಳಿ. ಕೈಕಾಲು ಹಿಡಿದು ಮಡಚಿ ಆಟೋದಲ್ಲಿ ಕೂರಿಸಬೇಡಿ. ಅನಿವಾರ್ಯವಾಗಿ ಸಾಗಿಸಬೇಕಾದರೆ ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ, ನಾಲ್ಕು ಜನ ಒಟ್ಟಿಗೆ ಎತ್ತಿ. ಬೆನ್ನುಮೂಳೆಯ ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆಗೆ ಎಷ್ಟು ಬೇಗ ತಲುಪಿಸಿದರೆ ಅಷ್ಟು ಒಳ್ಳೆಯದು.

ಮುಂದೊಂದು ದಿನ ತಂಪು ಉಪಯುಕ್ತವೆಂದು ಸಾಬೀತಾದರೂ ಅದು ಉಳಿಸುವುದು ಆಸ್ಪತ್ರೆಯನ್ನು ಹೊತ್ತಿಗೆ ಸರಿಯಾಗಿ ತಲುಪಿದ ಬೆನ್ನುಹುರಿಯನ್ನು ಮಾತ್ರ.